ಅಪ್ಪನ ದುಡ್ಡು ಎಣಿಸೋಕಾಗಲ್ಲ: ಫೋನಿನಲ್ಲೂ ಆಡಬಹುದಾದ ಅಜ್ಜಿ ಕಾಲದ ಒಗಟುಗಳು

ಅಮ್ಮನ ಸೀರೆ ಮಡಿಸೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ. ಏನದು?

ಕನ್ನಡ ನಾಡಿನಲ್ಲಿ ಬೆಳೆದ ಬಹಳಷ್ಟು ಜನರಿಗೆ ಈ ಒಗಟು ಬಾಯಿಪಾಠ. ಮಡಿಸಲಾಗದ ಸೀರೆ ಆಕಾಶ, ಎಣಿಸಲಾಗದ ದುಡ್ಡು ನಕ್ಷತ್ರ. ಅಂಗಳದಲ್ಲಿ ಚಾಪೆ ಹಾಸಿ ಮಲಗಿದ ಮಕ್ಕಳಿಗೆ ಉತ್ತರ ಕಣ್ಣೆದುರಿಗೇ ಇರುತ್ತಿತ್ತು, ಆದರೂ ಹೊಳೆಯುತ್ತಿರಲಿಲ್ಲ. ಇದೇ ಒಗಟನ್ನು ಅಪ್ಪ ದುಬೈಯಲ್ಲೋ ದಮಾಮಿನಲ್ಲೋ ದುಡಿಯುತ್ತಿರುವ ಮಗುವಿಗೆ ಹೇಳಿದರೆ, "ಅಪ್ಪನ ದುಡ್ಡು" ಅಂದ ಕೂಡಲೇ ಅದು ಬೇರೇನನ್ನೋ ಯೋಚಿಸೀತು. ಸಂಬಳ ಬಂದ ದಿನ ಬಾಡಿಗೆಗೆ ಇಷ್ಟು, ಊಟಕ್ಕೆ ಇಷ್ಟು, ಊರಿಗೆ ಇಷ್ಟು ಅಂತ ಎಣಿಸಿ ಎಣಿಸಿ ಎತ್ತಿಡುವ ಅಪ್ಪನಿಗಂತೂ ನಗು ಬಂದೇ ಬರುತ್ತೆ.

ಗಲ್ಫಿನಲ್ಲಿರುವ ಅನೇಕ ಅಪ್ಪಂದಿರಿಗೆ ಫೋನಿನಲ್ಲಿ ಮಕ್ಕಳ ಜೊತೆ ಮಾತು ಬೇಗ ಮುಗಿದುಹೋಗುತ್ತದೆ. "ಊಟ ಆಯ್ತಾ?" "ಆಯ್ತು." "ಶಾಲೆಗೆ ಹೋದ್ಯಾ?" "ಹೂಂ." "ಚೆನ್ನಾಗಿ ಓದ್ತಿದ್ಯಾ?" "ಹೂಂ." ಆಮೇಲೆ ಫೋನು ಅಮ್ಮನ ಕೈಗೆ. ಇತ್ತ ಕುಟುಂಬ ಸಮೇತ ಗಲ್ಫಿನಲ್ಲೇ ಇರುವವರ ಮನೆಯಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಈ ಎರಡೂ ಕಡೆ ಉಪಯೋಗಕ್ಕೆ ಬರುವ ಹಳೆಯ ಆಟವೊಂದು ನಮ್ಮಲ್ಲೇ ಇದೆ. ಅದಕ್ಕೆ ಕಾಸು ಬೇಡ, ಆಟಿಕೆ ಬೇಡ, ಜಾಗವೂ ಬೇಡ. ಇಬ್ಬರು ಮನುಷ್ಯರು ಮತ್ತು ಒಂದು ಭಾಷೆ ಇದ್ದರೆ ಸಾಕು.

ಕೆಲಸದ ನಡುವೆ ಹುಟ್ಟಿದ ಆಟ

ಒಗಟು ಹೇಳಲು ಹಿಂದೆ ಯಾರೂ ಪ್ರತ್ಯೇಕ ಸಮಯ ಇಟ್ಟುಕೊಂಡಿರಲಿಲ್ಲ. ಕೈಗೆ ಕೆಲಸ ಇದ್ದು ಬಾಯಿಗೆ ಬಿಡುವಿದ್ದಾಗ ಒಗಟು ಹೊರಬರುತ್ತಿತ್ತು. ಮಲೆನಾಡು, ಕರಾವಳಿಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳು, ಬಯಲುಸೀಮೆಯಲ್ಲಿ ಕಡಲೆಕಾಯಿ ಬಿಡಿಸುವ ಸಂಜೆಗಳು, ಉತ್ತರ ಕರ್ನಾಟಕದಲ್ಲಿ ರಾಶಿ ಮಾಡುವ ಕಣದ ರಾತ್ರಿಗಳು, ದಕ್ಷಿಣ ಕನ್ನಡದ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾ ಕೂತ ಜಗಲಿ, ಇವೆಲ್ಲ ಒಗಟಿನ ಜಾಗಗಳು. ದೊಡ್ಡವರ ಕೈ ಆಡುತ್ತಲೇ ಇರುತ್ತಿತ್ತು. ಸುತ್ತ ಕೂತ ಮಕ್ಕಳು ನಿದ್ದೆ ಹೋಗದಂತೆ, ಜಗಳ ಆಡದಂತೆ ಅಜ್ಜಿ ಒಂದೊಂದೇ ಒಗಟು ಬಿಡುತ್ತಿದ್ದಳು.

ನಿಯಮಗಳೂ ಸರಳ. ಒಬ್ಬರು ಒಗಟು ಹಾಕಬೇಕು, ಉಳಿದವರು ಒಡೆಯಬೇಕು. ಗೊತ್ತಾಗದಿದ್ದರೆ "ಸೋತೆ" ಅಂತ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆಯೇ ಉತ್ತರ. ಮಕ್ಕಳಿಗೆ ಉತ್ತರಕ್ಕಿಂತ ಈ "ಸೋತೆ" ಅನ್ನುವ ಮಾತೇ ಕಷ್ಟ! ಆದ್ದರಿಂದ ಒಂದೇ ಒಗಟು ಎರಡು ಮೂರು ದಿನ ಓಡುತ್ತಿದ್ದದ್ದೂ ಉಂಟು. ಶಾಲೆಯಲ್ಲಿ ಕೇಳಿ, ನೆರೆಮನೆಯಲ್ಲಿ ಕೇಳಿ, ಹೇಗಾದರೂ ಉತ್ತರ ತರಬೇಕೆಂಬ ಹಟ.

ಹೆಸರುಗಳೂ ಊರಿಗೊಂದು. ಒಗಟು, ಒಡಪು ಅನ್ನುವವರಿದ್ದಾರೆ. ತುಳುವಿನಲ್ಲಿ ಎದುರುಕತೆ. ಒಬ್ಬರು ಹೇಳಿದ್ದಕ್ಕೆ ಎದುರಿಗೆ ಕೂತವರು ಉತ್ತರಿಸಬೇಕಾದ ಆಟಕ್ಕೆ ಒಪ್ಪುವ ಹೆಸರು. ಉತ್ತರ ಕರ್ನಾಟಕದ ಕಡೆ ಒಡಪು ಅಂದರೆ ಇನ್ನೊಂದು ಅರ್ಥವೂ ಇದೆ. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂಬ ಪದ್ಧತಿಯಿದ್ದ ಕಾಲದಲ್ಲಿ, ಮದುವೆ ಮನೆಯಲ್ಲಿ ಹೆಂಗಸರು ಪ್ರಾಸಕಟ್ಟಿ ನಾಲ್ಕು ಮಾತಾಡಿ, ಕೊನೆಗೆ ಹೆಸರನ್ನು ಸೇರಿಸುತ್ತಿದ್ದರು. ಅದಕ್ಕೂ ಒಡಪು ಅಂತಲೇ ಹೆಸರು. ಈಗಲೂ ಮದುವೆಗಳಲ್ಲಿ ಹೊಸ ಮದುಮಗಳನ್ನು "ಒಡಪು ಹಾಕಿ ಹೆಸರು ಹೇಳು" ಅಂತ ಸತಾಯಿಸುವುದುಂಟು.

ಒಗಟು ಹೇಗೆ ಕೆಲಸ ಮಾಡುತ್ತೆ?

ಒಗಟು ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ. "ಕರ್ನಾಟಕದ ರಾಜಧಾನಿ ಯಾವುದು?" ಅಂದರೆ ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ಒಗಟು ಹಾಗಲ್ಲ. ಉತ್ತರ ಎಲ್ಲರಿಗೂ ಗೊತ್ತಿರುವ ವಸ್ತುವೇ. ಅದನ್ನು ಬೇರೆ ವೇಷ ಹಾಕಿಸಿ ಎದುರಿಗೆ ನಿಲ್ಲಿಸಿರುತ್ತಾರೆ, ಅಷ್ಟೆ. ಈ ವೇಷ ಹಾಕುವ ರೀತಿಗಳು ಮುಖ್ಯವಾಗಿ ಮೂರು ನಾಲ್ಕು.

ಮೊದಲನೆಯದು ಹೋಲಿಕೆ. ಒಂದು ವಸ್ತುವನ್ನು ಇನ್ನೊಂದರ ಹಾಗೆ ವರ್ಣಿಸುವುದು. ಇವನ್ನು ಒಡೆಯಲು ಪ್ರಯತ್ನಿಸಿ, ಉತ್ತರ ಕೊನೆಯಲ್ಲಿದೆ.

1. ಗೂಡಿನಲ್ಲಿ ಕೂತ ಹಕ್ಕಿ ಊರೆಲ್ಲ ನೋಡುತ್ತೆ.

2. ಒಂದೇ ಬಾವಿ, ಎರಡು ಬಣ್ಣದ ನೀರು.

3. ಹಸಿರು ಗೋಡೆಯ ಮನೆ, ಒಳಗೆಲ್ಲ ಕೆಂಪು, ಮನೆ ತುಂಬ ಕಪ್ಪು ಮಕ್ಕಳು.

ಎರಡನೆಯದು "ಇದೆ, ಆದರೆ ಅಲ್ಲ" ಅನ್ನುವ ಬಗೆ. ಮೂರು ಕಣ್ಣುಂಟು ಶಿವನಲ್ಲ, ಜುಟ್ಟುಂಟು ಪೂಜಾರಿಯಲ್ಲ, ನೀರುಂಟು ಬಾವಿಯಲ್ಲ. ಉತ್ತರ ತೆಂಗಿನಕಾಯಿ ಅಂತ ಬಹಳ ಜನ ಹೇಳುತ್ತಾರೆ. ಆದರೆ ಗಮನಿಸಬೇಕಾದದ್ದು ಒಗಟಿನ ಜಾಣತನ. ಒಂದು ಕೈಯಲ್ಲಿ ಸುಳಿವು ಕೊಟ್ಟು, ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಮಗು ಮೂರು ಕಣ್ಣು ಅಂದಕೂಡಲೇ ಶಿವನ ಕಡೆ ಓಡುತ್ತೆ, ಅಲ್ಲಿ ಬಾಗಿಲು ಮುಚ್ಚಿರುತ್ತೆ. ಮತ್ತೆ ವಾಪಸು ಬಂದು ಬೇರೆ ದಾರಿ ಹುಡುಕಬೇಕು. ಕೊನೆಗೆ ನಿಜವಾಗಿಯೂ ಕಾಯಿಯನ್ನು ಕೈಯಲ್ಲಿ ಹಿಡಿದು ಕಣ್ಣು ಎಣಿಸಿದವರಿಗೆ ಮಾತ್ರ ಹೊಳೆಯುತ್ತೆ.

ಮೂರನೆಯದು ವಸ್ತು ಮಾಡುವ ಕೆಲಸವನ್ನು ಹೇಳುವುದು. ದಿನವಿಡೀ ಜೊತೆಗೇ ನಡೆಯುತ್ತೆ, ಕಲ್ಲು ಮುಳ್ಳು ತಾನೇ ತುಳಿಯುತ್ತೆ, ಮನೆ ಬಂದರೆ ಮಾತ್ರ ಹೊರಗೇ ನಿಲ್ಲುತ್ತೆ ಅಂದರೆ ಚಪ್ಪಲಿ. ನಾಲ್ಕನೆಯದು ಮನೆಮಂದಿಯ ಸಂಬಂಧ ತರುವುದು. ಅಮ್ಮ, ಅಪ್ಪ, ಅಕ್ಕ, ಅಣ್ಣ ಅಂತ ಕರೆದು ಸೂರ್ಯ ಚಂದ್ರ, ಒಲೆ, ಒರಳನ್ನೆಲ್ಲ ಕುಟುಂಬದ ಲೆಕ್ಕಕ್ಕೆ ಸೇರಿಸಿಬಿಡುವುದು. ಮೇಲೆ ಹೇಳಿದ ಆಕಾಶದ ಒಗಟು ಇದೇ ಜಾತಿಯದು.

ಹೀಗೆ ಒಗಟು ಮಗುವಿಗೆ ಎರಡು ಕೆಲಸ ಕಲಿಸುತ್ತೆ. ವಸ್ತುವನ್ನು ಸರಿಯಾಗಿ ನೋಡುವುದು ಒಂದು, ನೋಡಿದ್ದನ್ನು ಬೇರೆ ಮಾತಿನಲ್ಲಿ ಹೇಳುವುದು ಇನ್ನೊಂದು. ಭಾಷೆ ಕಲಿಯುವುದು ಅಂದರೆ ಬಹುಮಟ್ಟಿಗೆ ಇವೆರಡೇ ಅಲ್ಲವೇ?

ಅಕ್ಷರದ ಆಟಗಳು

ಅಕ್ಷರ ಕಲಿತ ಮಕ್ಕಳಿಗೆ ಇನ್ನೊಂದು ಬಗೆಯ ಒಗಟು ಇರುತ್ತಿತ್ತು. ಪದವನ್ನು ಮುರಿದು ಜೋಡಿಸುವುದು. ಊರ ಹೆಸರುಗಳಲ್ಲಿ ಇದು ಬಹಳ ಸೊಗಸು. ಇವನ್ನು ನೋಡಿ:

4. ನಾಲ್ಕಕ್ಷರದ ಊರು. ಮೊದಲೆರಡು ನಾಲಿಗೆ ಸುಡುತ್ತೆ, ಕೊನೆಯೆರಡಕ್ಕೆ ಏಳು ದಿನ. ಪಕ್ಕದಲ್ಲೇ ಸಮುದ್ರ.

5. ನಾಲ್ಕಕ್ಷರದ ಊರು. ಮೊದಲೆರಡು ಅರಸ, ಕೊನೆಯೆರಡು ತುಂಡು. ಬಿಸಿಲು ಗಲ್ಫಿಗೇನೂ ಕಡಿಮೆಯಿಲ್ಲ!

6. ನಾಲ್ಕಕ್ಷರದ ಊರು. ಮೊದಲೆರಡನ್ನು ಅಜ್ಜಿ ಪೂಜೆಗೆ ಉಡುತ್ತಾಳೆ, ಕೊನೆಯೆರಡರಲ್ಲಿ ಜನ ಸಾಲಾಗಿ ಮನೆ ಕಟ್ಟಿಕೊಂಡಿರುತ್ತಾರೆ. ಎರಡೂ ಸೇರಿದರೆ ಮಂಜು.

ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಆಗಿರುವ ಪದಗಳನ್ನು ಹುಡುಕುವುದು ಮತ್ತೊಂದು ಆಟ. ಕನಕ, ಗದಗ, ಕಿಟಕಿ, ನವಜೀವನ, ವಿಕಟಕವಿ ಇವು ಸುಲಭದವು. ಸ್ವಲ್ಪ ದೊಡ್ಡ ಮಕ್ಕಳಿಗೆ "ಮದ್ರಾಸಿನ ಸಿದ್ರಾಮ", "ಕುಬೇರನಿಗೇನಿರಬೇಕು". ಒಂದೊಂದೇ ಅಕ್ಷರ ತಿರುವಿ ನೋಡಿ, ಸರಿಯಾಗಿ ಬರುತ್ತೆ.

ಇದರಲ್ಲಿ ಒಂದು ಮುಖ್ಯ ಸಂಗತಿಯಿದೆ. ಕಿಟಕಿ ಅನ್ನುವ ಪದ ಕನ್ನಡ ಲಿಪಿಯಲ್ಲಿ ಮಾತ್ರ ಹಿಂದೆ ಮುಂದೆ ಒಂದೇ ಆಗುತ್ತೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಿರುಗಿಸಿದರೆ ಆಟ ಕೆಟ್ಟುಹೋಗುತ್ತೆ. ಏಕೆಂದರೆ ಕನ್ನಡದಲ್ಲಿ "ಕಿ" ಅನ್ನುವುದು ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಎರಡು. "ದ್ರಾ" ಅನ್ನುವ ಒತ್ತಕ್ಷರವೂ ನಮಗೆ ಒಂದೇ. ವಾಟ್ಸ್ಯಾಪಿನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವ ಮಕ್ಕಳಿಗೆ ಕನ್ನಡ ಲಿಪಿ ಯಾಕೆ ಕಲಿಯಬೇಕು ಅಂತ ಉಪದೇಶ ಮಾಡುವುದಕ್ಕಿಂತ, ಈ ಒಂದು ಆಟ ಆಡಿಸಿದರೆ ಬೇಗ ಅರ್ಥವಾಗುತ್ತೆ.

ನಾಲಿಗೆ ತಿರುಚುವ ಮಾತುಗಳೂ ಇದೇ ಸಾಲಿನವು. ತರೀಕೆರೆ ಏರಿ ಮೇಲಿನ ಕರಿ ಕುರಿಮರಿಗಳನ್ನೂ, ಕಾಗೆ ಪುಕ್ಕ ಗುಬ್ಬಿ ಪುಕ್ಕವನ್ನೂ ಬೇಗ ಬೇಗ ಹೇಳಿಸಿ ನಗದ ಮನೆಯೇ ಇರಲಿಲ್ಲ. ಇದು ಬರೀ ತಮಾಷೆಯಲ್ಲ, ಉಚ್ಚಾರಣೆಯ ವ್ಯಾಯಾಮವೂ ಹೌದು. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಲ ಮತ್ತು ಳ ನಡುವಿನ ವ್ಯತ್ಯಾಸವೇ ತಪ್ಪಿಹೋಗುವುದುಂಟು. ಬಲೆ ಬಳೆಯಾಗುತ್ತೆ, ಹಲ್ಲಿ ಹಳ್ಳಿಯಾಗುತ್ತೆ. ಅದಕ್ಕೊಂದು ಒಗಟು:

7. ಒಂದು ಸಾರಿನಲ್ಲಿರಬೇಕು, ಇನ್ನೊಂದು ಕಾಡಿನಲ್ಲಿರಬೇಕು. ನಾಲಿಗೆ ಸ್ವಲ್ಪ ಮಡಚಿದರೆ ಕಾಡಿನದು ಸಾರಿಗೆ ಬಂದುಬಿಡುತ್ತೆ!

ಬಾಯಿಲೆಕ್ಕದ ಒಗಟುಗಳು

ಸ್ಲೇಟು ಬಳಪ ಇಲ್ಲದೆ ಬಾಯಲ್ಲೇ ಬಿಡಿಸುವ ಲೆಕ್ಕಗಳಿಗೆ ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಬೆಲೆ ಕೊಡುತ್ತಿದ್ದರು. ಕನ್ನಡ ನಾಡಿನಲ್ಲಿ ಲೆಕ್ಕವನ್ನು ಕತೆಯ ಹಾಗೆ ಹೇಳುವ ಪದ್ಧತಿಗೆ ದೊಡ್ಡ ಹಿನ್ನೆಲೆಯೇ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ "ಗಣಿತಸಾರಸಂಗ್ರಹ"ದಲ್ಲಿ ಹಣ್ಣು, ಹೂವು, ಹಕ್ಕಿಗಳ ಲೆಕ್ಕಗಳು ಬರುತ್ತವೆ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ "ವ್ಯವಹಾರಗಣಿತ" ಬರೆದ. ಬಾಯಿಂದ ಬಾಯಿಗೆ ಬಂದ ಲೆಕ್ಕಗಳಲ್ಲಿ ಇವು ಬಹಳ ಜನಪ್ರಿಯ:

8. ಮರದ ಮೇಲೆ ಹಕ್ಕಿಗಳ ಗುಂಪು. ಹಾರಿಬಂದ ಒಂದು ಹಕ್ಕಿ "ನೂರು ಜನ ಇದ್ದೀರಾ?" ಅಂತ ಕೇಳಿತು. ಗುಂಪಿನವು ಹೇಳಿದವು: "ನಾವು ಇರುವಷ್ಟು, ಮತ್ತೆ ನಮ್ಮಷ್ಟೇ, ನಮ್ಮಲ್ಲಿ ಅರ್ಧ, ಆ ಅರ್ಧದಲ್ಲಿ ಅರ್ಧ, ಜೊತೆಗೆ ನೀನೊಬ್ಬ ಸೇರಿದರೆ ನೂರು." ಗುಂಪಿನಲ್ಲಿ ಎಷ್ಟು ಹಕ್ಕಿ?

9. ಇಬ್ಬರು ಅಪ್ಪಂದಿರು, ಇಬ್ಬರು ಮಕ್ಕಳು. ಮೂರೇ ರೊಟ್ಟಿ. ಯಾವುದನ್ನೂ ಮುರಿಯದೆ ತಲೆಗೊಂದು ತಿಂದರು. ಹೇಗೆ?

10. ಹೊಳೆ ದಾಟಬೇಕು. ಒಬ್ಬ ಮನುಷ್ಯ, ಒಂದು ಹುಲಿ, ಒಂದು ಆಡು, ಒಂದು ಹೊರೆ ಹುಲ್ಲು. ದೋಣಿಯಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ಹುಲಿ ಆಡನ್ನು ತಿನ್ನುತ್ತೆ, ಆಡು ಹುಲ್ಲನ್ನು ತಿನ್ನುತ್ತೆ. ಎಲ್ಲರನ್ನೂ ದಾಟಿಸುವುದು ಹೇಗೆ?

ದೊಡ್ಡವರೂ ಒಗಟು ಬಿಟ್ಟವರಲ್ಲ

ಒಗಟು ಮಕ್ಕಳ ಸಾಮಾನು ಅಂತ ತಳ್ಳಿಹಾಕುವ ಹಾಗಿಲ್ಲ. 12ನೇ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳು ಒಗಟಿನ ರೂಪದಲ್ಲೇ ಇವೆ. ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಚಿತ್ರಗಳು, ಒಳಗೆ ಆಧ್ಯಾತ್ಮ. 16ನೇ ಶತಮಾನದ ಕನಕದಾಸರ ಮುಂಡಿಗೆಗಳೂ ಹಾಗೆಯೇ, ಬಲ್ಲವರು ಬಿಡಿಸಿ ಹೇಳಿದರೇ ಅರ್ಥ. ಸರ್ವಜ್ಞನ ತ್ರಿಪದಿಗಳಲ್ಲೂ ಒಗಟುಗಳಿವೆ. ಮಹಾಭಾರತದಲ್ಲಿ ಯಕ್ಷ ಕೇಳಿದ ಪ್ರಶ್ನೆಗಳಿಗೆ ಧರ್ಮರಾಯ ಉತ್ತರಿಸಿದ್ದಕ್ಕೆ ತಮ್ಮಂದಿರ ಜೀವ ಉಳಿಯಿತು. ಬೈಬಲಿನಲ್ಲಿ ಸಂಸೋನ ಮದುವೆಯ ಔತಣದಲ್ಲಿ ಸಿಂಹ ಮತ್ತು ಜೇನಿನ ಒಗಟು ಹಾಕುತ್ತಾನೆ. "ಚಂದಮಾಮ" ಓದಿ ಬೆಳೆದವರಿಗೆ ಬೇತಾಳನನ್ನು ನೆನಪಿಸಬೇಕಾಗಿಲ್ಲ. ಪ್ರತಿ ಕತೆಯ ಕೊನೆಯಲ್ಲೂ ಅವನದೊಂದು ಪ್ರಶ್ನೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು!

ಅರಬರಿಗೂ ಒಗಟೆಂದರೆ ಪ್ರೀತಿ. ಗಲ್ಫಿನ ಆಡುಮಾತಿನಲ್ಲಿ ಹಳೆಯ ಒಗಟುಗಳಿಗೆ "ಗತಾವಿ" ಅನ್ನುತ್ತಾರೆ. ರಂಜಾನ್ ತಿಂಗಳಲ್ಲಿ ಈಜಿಪ್ಟಿನ ರೇಡಿಯೊ, ಟೀವಿಗಳಲ್ಲಿ ಬರುತ್ತಿದ್ದ "ಫವಾಝೀರ್" ಅನ್ನುವ ಒಗಟಿನ ಕಾರ್ಯಕ್ರಮಗಳು ಅರಬ್ ಮನೆಗಳಲ್ಲಿ ಬಹಳ ವರ್ಷ ಮನೆಮಾತಾಗಿದ್ದವು. ರೂಮಿನಲ್ಲಿ ಜೊತೆಗಿರುವ ಮಲಯಾಳಿಯನ್ನು ಕೇಳಿದರೆ "ಕಡಂಕಥ" ಹೇಳುತ್ತಾನೆ, ತಮಿಳಿನವನಿಗೆ ಅದು "ವಿಡುಕದೈ", ಹಿಂದಿ, ಉರ್ದುವಿನವರಿಗೆ "ಪಹೇಲಿ". ಶುಕ್ರವಾರದ ಬಿಡುವಿನಲ್ಲಿ ಒಂದೊಂದು ಭಾಷೆಯದು ಒಂದೊಂದು ಕೇಳಿ ನೋಡಿ. ವಸ್ತುಗಳು ಅವೇ, ವೇಷ ಮಾತ್ರ ಬೇರೆ.

ಈಗಿನ ಮಕ್ಕಳಿಗೆ ಯಾಕೆ ಹೊಳೆಯಲ್ಲ?

ಹಳೆಯ ಒಗಟು ಹೇಳಿದಾಗ ಈಗಿನ ಮಗು ಕಣ್ಣು ಕಣ್ಣು ಬಿಟ್ಟರೆ ಅದಕ್ಕೆ ಬುದ್ಧಿ ಕಡಿಮೆ ಅಂತಲ್ಲ. ಒಗಟಿನ ಉತ್ತರವಾಗಿದ್ದ ವಸ್ತುವೇ ಅದರ ಕಣ್ಣಿಗೆ ಬಿದ್ದಿಲ್ಲ. ಬೀಸುವ ಕಲ್ಲು, ಒನಕೆ, ಕಡೆಗೋಲು, ಏತ, ನೊಗ, ಬುಡ್ಡಿ ದೀಪ, ಇವುಗಳ ಮೇಲೆ ನೂರಾರು ಒಗಟುಗಳಿವೆ. ಶಾರ್ಜಾದ ಫ್ಲಾಟಿನಲ್ಲಿ ಬೆಳೆದ ಮಗುವಿಗೆ ಮಾತ್ರವಲ್ಲ, ಬೆಂಗಳೂರಿನ ಮಗುವಿಗೂ ಇವು ಗೊತ್ತಿಲ್ಲ.

ಕಲ್ಲು ಅರಳಿ ಹೂವಾಗುವ ಒಗಟು ಬಹಳ ಹೆಸರುವಾಸಿ. ಉತ್ತರ ಸುಣ್ಣ. ಸುಣ್ಣದ ಕಲ್ಲನ್ನು ಸುಟ್ಟು, ಮೇಲೆ ನೀರು ಹಾಕಿದರೆ ಅದು ಬುಸುಗುಟ್ಟಿ ಬಿಸಿಯಾಗಿ, ಬಿರಿದು ಬಿಳಿ ಪುಡಿಯಾಗುತ್ತೆ. ಅದಕ್ಕೆ ಸುಣ್ಣ "ಅರಳುವುದು" ಅಂತಲೇ ಹೇಳುತ್ತಾರೆ. ಹಬ್ಬಕ್ಕೆ ಮುಂಚೆ ಮನೆಯಲ್ಲಿ ಸುಣ್ಣ ಅರಳಿದ್ದನ್ನು ನೋಡಿದ ಮಗುವಿಗೆ ಆ ಒಗಟು ಮಿಂಚಿನ ಹಾಗೆ ಹೊಳೆಯುತ್ತಿತ್ತು. ಡಬ್ಬದ ಪೇಂಟ್ ಮಾತ್ರ ನೋಡಿದ ಮಗುವಿಗೆ ಎಷ್ಟು ಯೋಚಿಸಿದರೂ ಹೊಳೆಯಲ್ಲ.

ಇದಕ್ಕೆ ಪರಿಹಾರ ಎರಡು. ಒಂದು, ರಜೆಗೆ ಊರಿಗೆ ಹೋದಾಗ ವಸ್ತುವನ್ನೇ ತೋರಿಸುವುದು. ಅಜ್ಜಿ ಮನೆಯ ಅಟ್ಟ, ಹಿತ್ತಿಲು ಹುಡುಕಿದರೆ ಒಂದು ಒರಳಾದರೂ ಸಿಗುತ್ತೆ. ಇಲ್ಲದಿದ್ದರೆ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ, ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಹಳೆಯ ಮನೆಬಳಕೆಯ ಸಾಮಾನುಗಳನ್ನು ಇಂಥ ಕಡೆ ನೋಡಬಹುದು. ಒಗಟು ಮೊದಲೇ ಹೇಳಿ, ಉತ್ತರ ಹೇಳದೆ ಕರೆದುಕೊಂಡು ಹೋದರೆ ಮಗು ತಾನೇ ಹುಡುಕುತ್ತೆ.

ಎರಡನೆಯದು, ಮಗುವಿನ ಕಣ್ಣೆದುರಿಗೆ ಇರುವ ವಸ್ತುಗಳ ಮೇಲೇ ಹೊಸ ಒಗಟು ಕಟ್ಟುವುದು.

ಹೊಸ ಒಗಟು ಕಟ್ಟೋದು ಹೇಗೆ?

ಹೊಸ ಒಗಟು ಕಟ್ಟಿದರೆ ಸಂಪ್ರದಾಯ ಕೆಡುತ್ತದೆ ಅನ್ನುವ ಭಯ ಬೇಡ. ಒಗಟು ಯಾವತ್ತೂ ತನ್ನ ಕಾಲದ ವಸ್ತುಗಳನ್ನೇ ಹಿಡಿದುಕೊಂಡಿದೆ. ರೈಲು ಬಂದಾಗ ರೈಲಿನ ಮೇಲೆ, ಸೈಕಲ್ ಬಂದಾಗ ಸೈಕಲ್ ಮೇಲೆ, ಹೊಟ್ಟೆ ತುಂಬ ಕಾಗದ ತಿನ್ನುವ ಕೆಂಪಣ್ಣನಾದ ಅಂಚೆ ಪೆಟ್ಟಿಗೆ ಮೇಲೆ ಒಗಟು ಕಟ್ಟಿದವರು ನಮ್ಮ ಅಜ್ಜ ಅಜ್ಜಿಯರೇ.

ಕಟ್ಟುವ ದಾರಿ ಸುಲಭ. ಮೊದಲು ವಸ್ತು ಆರಿಸಿ. ಅದನ್ನು ಕಣ್ಣಿಂದ ನೋಡಿ ಮೂರು ಸಂಗತಿ ಬರೆಯಿರಿ: ಹೇಗಿದೆ, ಏನು ಮಾಡುತ್ತೆ, ಎಲ್ಲಿರುತ್ತೆ. ಆಮೇಲೆ ಅದನ್ನು ಒಬ್ಬ ಮನುಷ್ಯನೋ ಪ್ರಾಣಿಯೋ ಅಂತ ಭಾವಿಸಿ ಅದೇ ಮೂರು ಸಂಗತಿ ಹೇಳಿ. ಕೊನೆಗೆ ಒಂದು ವಿರೋಧ ಸೇರಿಸಿ: ಇದೆ ಆದರೆ ಇಲ್ಲ, ಬರುತ್ತೆ ಆದರೆ ನಿಲ್ಲಲ್ಲ. ಒಗಟು ತಯಾರು. ಗಲ್ಫಿನ ನಾಲ್ಕು ವಸ್ತುಗಳ ಮೇಲೆ ಹೀಗೆ ಕಟ್ಟಿದ ಒಗಟುಗಳು ಇಲ್ಲಿವೆ:

11. ಮೈಯೆಲ್ಲ ಸುಕ್ಕು ಬಿದ್ದ ಅಜ್ಜಿ, ಹೊಟ್ಟೆಯೊಳಗೆ ಕಲ್ಲು, ಆದರೂ ಬೆಲ್ಲದಂಥವಳು. ರಂಜಾನ್ ಸಂಜೆ ಎಲ್ಲರಿಗಿಂತ ಮೊದಲು ಅವಳನ್ನೇ ಕರೆಯುತ್ತಾರೆ.

12. ಬರುವಾಗ ಉಪ್ಪಿನಕಾಯಿ ತಿಂದು ಬರುತ್ತಾನೆ, ಹೋಗುವಾಗ ಸೋಪು ಚಾಕಲೇಟು ತಿಂದು ಹೋಗುತ್ತಾನೆ. ಹತ್ತುವ ಮುಂಚೆ ಅವನ ಹೊಟ್ಟೆ ತೂಕ ಹಾಕಲೇಬೇಕು.

13. ಗೋಡೆ ಮೇಲೆ ಕೂತ ಬಿಳಿಯಣ್ಣ ಮನೆಯವರಿಗೆಲ್ಲ ತಂಪು, ಬೀದಿಯವರ ತಲೆ ಮೇಲೆ ಹನಿ ಹನಿ ನೀರು. ಮೋಡವಲ್ಲ.

14. ಉದ್ದನೆ ಹಾವು, ಹೊಟ್ಟೆ ತುಂಬ ಜನ, ತಲೆಯಲ್ಲಿ ಮಾತ್ರ ಯಾರೂ ಇಲ್ಲ. 2009ರಲ್ಲಿ ದುಬೈಗೆ ಬಂತು, ಇನ್ನೂ ದಾರಿ ತಪ್ಪಿಲ್ಲ.

ಫೋನಿನಲ್ಲಿ ಆಡುವವರಿಗೆ

ಸೌದಿ, ಕುವೈತ್, ಕತಾರ್, ಬಹರೈನ್‌ಗಳಿಗೂ ಊರಿಗೂ ಎರಡೂವರೆ ಗಂಟೆ ವ್ಯತ್ಯಾಸ, ಯುಎಇ ಮತ್ತು ಒಮಾನಿಗೆ ಒಂದೂವರೆ ಗಂಟೆ. ರಿಯಾದಿನಲ್ಲಿ ಸಂಜೆ 7ಕ್ಕೆ ಕೆಲಸ ಬಿಟ್ಟು ಫೋನು ಹಿಡಿದರೆ ಊರಲ್ಲಿ ಆಗಲೇ ರಾತ್ರಿ 9.30. ಚಿಕ್ಕ ಮಕ್ಕಳು ಮಲಗಿರುತ್ತಾರೆ. ಅದಕ್ಕೇ ಒಗಟು ಒಳ್ಳೆಯದು, ಏಕೆಂದರೆ ಅದಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಎದ್ದಿರಬೇಕಾಗಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್‌ನಲ್ಲಿ ಒಂದು ಒಗಟು ಕಳಿಸಿದರೆ ಸಾಕು. ಮಗು ಶಾಲೆಯಿಂದ ಬಂದು ಕೇಳಿಸಿಕೊಳ್ಳುತ್ತೆ, ಅಜ್ಜಿ ತಾತನ ಜೊತೆ ಚರ್ಚೆ ಮಾಡುತ್ತೆ, ತನ್ನ ಧ್ವನಿಯಲ್ಲಿ ಉತ್ತರ ಕಳಿಸುತ್ತೆ. ಹಿಂದೆ ಗಲ್ಫಿನಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಕಳಿಸುತ್ತಿದ್ದವರಿಗೆ ಇದರ ಬೆಲೆ ಗೊತ್ತು. ಅಂದು ಉತ್ತರ ಬರಲು ವಾರಗಟ್ಟಲೆ ಕಾಯಬೇಕಿತ್ತು, ಈಗ ಸಂಜೆಗೆ ಬರುತ್ತೆ.

ಕೆಲವು ಸಂಗತಿ ನೆನಪಿಟ್ಟುಕೊಂಡರೆ ಆಟ ಚೆನ್ನಾಗಿ ನಡೆಯುತ್ತೆ.

ಉತ್ತರ ಬೇಗ ಹೇಳಬೇಡಿ. ಮಗು ತಪ್ಪು ಹೇಳಿದರೆ "ತಪ್ಪು" ಅಂತ ಮುಗಿಸದೆ, "ಹೌದಲ್ಲ, ಅದಕ್ಕೂ ಜುಟ್ಟಿದೆ, ಆದರೆ ನೀರಿದೆಯಾ?" ಅಂತ ಒಂದು ಸುಳಿವು ಕೊಡಿ. ಕೆಲವೊಮ್ಮೆ ಮಗುವಿನ ಉತ್ತರ ಹಳೆಯ ಉತ್ತರಕ್ಕಿಂತ ಚೆನ್ನಾಗಿರುತ್ತೆ. ಒಪ್ಪಿದರೆ ತಪ್ಪೇನಿಲ್ಲ.

ಉತ್ತರ ಇಂಗ್ಲಿಷಿನಲ್ಲಿ ಬಂದರೂ ಬೈಯಬೇಡಿ. ಸರಿಯಾದ ಉತ್ತರ ಸರಿಯೇ. "ಅದಕ್ಕೆ ಅಜ್ಜಿ ಏನಂತಾಳೆ?" ಅಂತ ಕೇಳಿದರೆ ಕನ್ನಡ ಪದ ತಾನಾಗಿಯೇ ಬರುತ್ತೆ. ಮನೆ ಮಾತು ತುಳು, ಬ್ಯಾರಿ, ಕೊಂಕಣಿ, ಕೊಡವ, ಉರ್ದು ಯಾವುದೇ ಇರಲಿ, ಅದರಲ್ಲೇ ಆಡಿ. ಆಟ ಮನೆ ಮಾತಿನಲ್ಲಿದ್ದಷ್ಟೂ ಹತ್ತಿರ.

ಮಗು ಕೇಳಿದ ಒಗಟಿಗೆ ನಿಜವಾಗಿಯೂ ಸೋಲಿ. ದೂರದಲ್ಲಿರುವ ಅಪ್ಪ "ಸೋತೆ ಮಗಾ, 'ನೀನೇ ಹೇಳು'" ಅಂದಾಗ ಮಗುವಿಗೆ ಆಗುವ ಖುಷಿ ಪಾರ್ಸೆಲಿನಲ್ಲಿ ಬಂದ ಆಟಿಕೆಗಿಂತ ಹೆಚ್ಚು ದಿನ ಉಳಿಯುತ್ತೆ. ಮರುದಿನ ಅದೇ ಹೊಸ ಒಗಟು ಹುಡುಕಿಕೊಂಡು ಫೋನಿನ ಹತ್ತಿರ ಕಾಯುತ್ತೆ.

ಇನ್ನೊಂದು ಮಾತು. ಹಳೆಯ ಒಗಟುಗಳೆಲ್ಲ ಮಕ್ಕಳಿಗೆ ತಕ್ಕವಲ್ಲ. ದೊಡ್ಡವರ ತಮಾಷೆಗೆ ಕಟ್ಟಿದ ದ್ವಂದ್ವಾರ್ಥದವು, ಒಬ್ಬರ ಜಾತಿಯನ್ನೋ ಮೈಬಣ್ಣವನ್ನೋ ಅಂಗವೈಕಲ್ಯವನ್ನೋ ಹಂಗಿಸುವವು ಇವೆ. ಅವನ್ನು ಬಿಟ್ಟರೂ ಬೇಕಾದಷ್ಟು ಉಳಿಯುತ್ತವೆ.

ಊರಿನಲ್ಲಿ ಇನ್ನೂ ಒಗಟು ನೆನಪಿರುವ ಅಜ್ಜಿ, ದೊಡ್ಡಮ್ಮ, ಅತ್ತೆಯಂದಿರಿದ್ದರೆ ಮಕ್ಕಳ ಕೈಯಲ್ಲೇ ಕೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಪುಸ್ತಕಕ್ಕೆ ಸೇರದ ಎಷ್ಟೋ ಒಗಟುಗಳು ಅವರ ಜೊತೆಗೇ ಹೋಗಿಬಿಡುತ್ತವೆ. ಮುಂದಿನ ರಜೆಗೆ ಊರಿಗೆ ಹೋದಾಗ ಕರೆಂಟ್ ಹೋದ ಒಂದು ರಾತ್ರಿ ಸಿಕ್ಕರೆ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಅಮ್ಮನ ಸೀರೆಯನ್ನೂ ಅಪ್ಪನ ದುಡ್ಡನ್ನೂ ತೋರಿಸಿ. ಅಷ್ಟು ದುಡ್ಡು ಎಣಿಸುವ ಕೆಲಸ ಮಾತ್ರ ಅವರಿಗೇ ಬಿಡಿ.

ಉತ್ತರಗಳು

1. ಕಣ್ಣು.

2. ಮೊಟ್ಟೆ.

3. ಕಲ್ಲಂಗಡಿ ಹಣ್ಣು.

4. ಕಾರವಾರ.

5. ರಾಯಚೂರು.

6. ಮಡಿಕೇರಿ.

7. ಹುಳಿ ಮತ್ತು ಹುಲಿ.

8. 36 ಹಕ್ಕಿಗಳು. 36, ಮತ್ತೆ 36, ಅರ್ಧ 18, ಅದರರ್ಧ 9, ಬಂದ ಹಕ್ಕಿ 1. ಒಟ್ಟು 100.

9. ಅವರು ಮೂವರೇ: ತಾತ, ಅಪ್ಪ, ಮಗ. ಅಪ್ಪ ತಾನೂ ಒಬ್ಬ ಮಗನೇ ತಾನೆ!

10. ಮೊದಲು ಆಡನ್ನು ದಾಟಿಸಿ ಒಬ್ಬನೇ ವಾಪಸು ಬರಬೇಕು. ಆಮೇಲೆ ಹುಲ್ಲನ್ನು ದಾಟಿಸಿ, ಆಡನ್ನು ವಾಪಸು ತರಬೇಕು. ಆಡನ್ನು ಈಚೆ ದಡದಲ್ಲಿ ಬಿಟ್ಟು ಹುಲಿಯನ್ನು ದಾಟಿಸಬೇಕು. ಕೊನೆಗೆ ಒಬ್ಬನೇ ಬಂದು ಆಡನ್ನು ಕರೆದೊಯ್ಯಬೇಕು. ತಂದದ್ದನ್ನು ವಾಪಸು ಒಯ್ಯಬಹುದು ಅನ್ನುವುದು ಹೊಳೆದರೆ ಲೆಕ್ಕ ಬಿಡಿಸಿದ ಹಾಗೆ.

11. ಖರ್ಜೂರ.

12. ಸೂಟ್‌ಕೇಸ್.

13. ಎಸಿ.

14. ಚಾಲಕನಿಲ್ಲದೆ ಓಡುವ ದುಬೈ ಮೆಟ್ರೊ.